ಏಳು ಕಿಲೋ ಹುಣಸೆಹಣ್ಣು

ಆ ವರ್ಷ ಸೇಲಂ ಪೇಟೆಯಲ್ಲಿ ಹುಣಸೆಹಣ್ಣಿನ ಬೆಲೆ ಏರದೇ ಇದ್ದಿದ್ದರೆ ಸುಧೀಂದ್ರ ಇಷ್ಟು ಹೊತ್ತಿಗೆ ಸಮುದ್ರ ನೋಡಿಬಿಟ್ಟಿರುತ್ತಿದ್ದ.

ಸುಧೀಂದ್ರನಿಗೆ ಐವತ್ತು ದಾಟಿತ್ತು. ಒಂದು ಖಾಸಗಿ ಶಾಲೆಯ ಆಫೀಸಿನಲ್ಲಿ ಗುಮಾಸ್ತ. ಮನೆಮಾತು ಕನ್ನಡವಾದರೂ ಹುಟ್ಟಿದ್ದು, ಬೆಳೆದದ್ದು, ಮದುವೆಯಾದದ್ದು ಎಲ್ಲ ತಮಿಳುನಾಡಿನ ಸೇಲಂನಲ್ಲೇ. ಯಾವ ದಿಕ್ಕಿಗೆ ತಿರುಗಿದರೂ ಬೆಟ್ಟ ಕಾಣುವ ಊರು ಅದು. ಸಮುದ್ರವನ್ನು ಅವನು ಕ್ಯಾಲೆಂಡರಿನಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ. ಶಾಲೆಯ ಎರಡನೇ ಕ್ಲಾಸಿನ ಮಕ್ಕಳು ಟೂರಿಗೆ ಹೋಗಿ ಬಂದು "ಸಾರ್, ನೀವು ಕಡಲು ನೋಡಿದ್ದೀರಾ?" ಎಂದು ತಮಿಳಿನಲ್ಲಿ ಕೇಳಿದಾಗ ಅವನು ಫೈಲಿನೊಳಗೆ ಮುಖ ಹುದುಗಿಸಿಕೊಂಡಿದ್ದ.

ಹಾಗೆಂದು ಅವನ ಮನೆಯಲ್ಲಿ ದುಡ್ಡಿಲ್ಲದೆ ಇರಲಿಲ್ಲ. ದುಡ್ಡಿಗೆ ಅಲ್ಲಿ ಶಿಸ್ತಿತ್ತು, ಅಷ್ಟೆ. ಆ ಶಿಸ್ತಿನ ಹೆಸರು ಮೈತ್ರೇಯಿ. ಪ್ರತಿ ಯುಗಾದಿಗೂ ಬೇವುಬೆಲ್ಲ ಕೊಟ್ಟ ಕೈಯಲ್ಲೇ ಅವಳು ಮುಂದಿನ ಯುಗಾದಿಯವರೆಗಿನ ಸಂಸಾರದ ಬಜೆಟ್ಟನ್ನು ಬಾಯಲ್ಲೇ ಹೇಳಿ ಮುಗಿಸುತ್ತಿದ್ದಳು. ಅಕ್ಕಿಗೆ ಇಷ್ಟು, ಹಾಲಿಗೆ ಇಷ್ಟು, ಮದುವೆ ಮುಂಜಿಗೆ ಇಷ್ಟು, ಜ್ವರ ನೆಗಡಿಗೆ ಇಷ್ಟು. ಒಮ್ಮೆ ಹೇಳಿದ ಮೇಲೆ ಬ್ರಹ್ಮ ಬಂದು ಕೈಚಾಚಿದರೂ ಅದರಲ್ಲಿ ಬದಲಾವಣೆ ಇರಲಿಲ್ಲ. ನೆಗಡಿಯ ಬಾಬ್ತು ಮುಗಿದುಹೋಯಿತು ಎಂದು ಸುಧೀಂದ್ರ ಒಂದು ಮಾರ್ಗಶಿರವನ್ನು ಪೂರ್ತಿ ಸೀನದೆ ಕಳೆದಿದ್ದನಂತೆ.

ನಗಬೇಡಿ. ಆ ಹೆಂಗಸನ್ನು ನೆನೆದರೆ ನನಗೆ ನಿಜವಾಗಿಯೂ ಕೈಮುಗಿಯಬೇಕು ಅನ್ನಿಸುತ್ತದೆ. ಅವಳ ಮನೆಯಲ್ಲಿ ಅಕ್ಕಿ ತೊಳೆದ ನೀರು ಕರಿಬೇವಿನ ಬುಡಕ್ಕೆ, ಬೇಳೆ ಬೇಯಿಸಿದ ಕಟ್ಟು ಸಾರಿಗೆ. ಸುಧೀಂದ್ರನ ಪಂಚೆಗೆ ನಾಲ್ಕು ಆಶ್ರಮ: ಮೊದಲು ಪಂಚೆ, ಆಮೇಲೆ ಟವೆಲು, ಆಮೇಲೆ ಮಸಿಬಟ್ಟೆ, ಕೊನೆಗೆ ದಿಂಬಿನೊಳಗೆ ಸೇರಿ ಸಂನ್ಯಾಸ. ಸರ್ಕಾರ ಎರಡು ತಿಂಗಳಿಗೆ ನೂರು ಯೂನಿಟ್ ಕರೆಂಟ್ ಪುಕ್ಕಟೆ ಕೊಡುತ್ತದಲ್ಲ, ಮೈತ್ರೇಯಿ ಅದನ್ನೂ ಪೂರ್ತಿ ಮುಗಿಸುತ್ತಿರಲಿಲ್ಲ. ರೀಡಿಂಗ್ ಬರೆಯಲು ಬರುವವನು ಮೀಟರ್ ಕೆಟ್ಟಿದೆಯೇನೋ ಎಂದು ಎರಡು ಸಲ ತಟ್ಟಿ ನೋಡಿಕೊಂಡು ಹೋಗಿದ್ದ. ಇಷ್ಟಾದರೂ ಅವಳ ಮನೆಗೆ ಹೋದವರು ಕಾಫಿ ಕುಡಿಯದೆ ಬಂದದ್ದಿಲ್ಲ. ಆ ಕಾಫಿ ನೀರಾಗಿದ್ದದ್ದೂ ಇಲ್ಲ. ಜಿಪುಣತನಕ್ಕೂ ಮಿತವ್ಯಯಕ್ಕೂ ಇರುವ ವ್ಯತ್ಯಾಸ ಆ ಲೋಟದಲ್ಲಿ ಗೊತ್ತಾಗುತ್ತಿತ್ತು.

ಬಜೆಟ್ಟಿನ ಕಡೆಯ ಬಾಬ್ತು ರಾಮೇಶ್ವರ. ವರ್ಷದ ಕೊನೆಯಲ್ಲಿ ಉಳಿದ ದುಡ್ಡಿನಲ್ಲಿ ಗಂಡ ಹೆಂಡತಿ ಇಬ್ಬರೂ ಸಮುದ್ರಸ್ನಾನಕ್ಕೆ ಹೋಗುವುದು ಎಂದು ಮೈತ್ರೇಯಿ ಮಾತು ಕೊಟ್ಟಿದ್ದಳು. ಒಂದು ವರ್ಷ ಆ ದುಡ್ಡನ್ನು ನೀರಿನ ಮೋಟರು ನುಂಗಿತು. ಇನ್ನೊಂದು ವರ್ಷ ಸುಧೀಂದ್ರನದೇ ದವಡೆಹಲ್ಲು ನುಂಗಿತು. ಈ ವರ್ಷ ಎಲ್ಲವೂ ಸರಿಯಾಗಿತ್ತು. ಯುಗಾದಿಗೆ ಎರಡೇ ವಾರ. ವರ್ಷಕ್ಕಾಗುವ ಏಳು ಕಿಲೋ ಹುಣಸೆಹಣ್ಣು ಒಂದು ಕೊಂಡರೆ ಮುಗಿಯಿತು, ಮಿಕ್ಕದ್ದೆಲ್ಲ ಸಮುದ್ರದ್ದು. ಅಷ್ಟರಲ್ಲಿ ಪೇಟೆಯಲ್ಲಿ ಹುಣಸೆಯ ಬೆಲೆ ಮರ ಹತ್ತಿ ಕೂತಿತು.

"ಧರ್ಮಪುರಿ ಜಿಲ್ಲೆ ಪೆನ್ನಾಗರಂ ಕಡೆ ಹೋಗಯ್ಯಾ," ಎಂದರು ಎದುರುಮನೆಯ ಕೃಷ್ಣಸ್ವಾಮಿ. ರಿಟೈರಾದ ಮೇಲೆ ಬೀದಿಗೆಲ್ಲ ಬುದ್ಧಿ ಹೇಳುವ ಕೆಲಸವನ್ನು ಅವರು ಸಂಬಳವಿಲ್ಲದೆ ವಹಿಸಿಕೊಂಡಿದ್ದರು. "ಅಲ್ಲಿ ಮನೆಮನೇಲೂ ಹುಣಸೆ. ಇನ್ನೊಂದು ಗುಟ್ಟು ಕೇಳು. ಅಲ್ಲಿ ತಮಿಳಲ್ಲಿ ಕೇಳಿದ್ರೆ ಒಂದು ರೇಟು, ಕನ್ನಡದಲ್ಲಿ ಕೇಳಿದ್ರೆ ಒಂದು ರೇಟು. ನಮ್ಮ ಭಾಷೆ ಜನ ಕಣಯ್ಯಾ! ಎರಡು ಮಾತು ಕನ್ನಡ ಆಡು, ಅರ್ಧಕ್ಕೆ ಕೊಡ್ತಾರೆ. ಕಂಡಿಪ್ಪಾ, ಖಂಡಿತಾ!"

ಕೃಷ್ಣಸ್ವಾಮಿ ಪೆನ್ನಾಗರಂ ಕಡೆಗೆ ತಲೆ ಹಾಕಿ ಮಲಗಿದವರೂ ಅಲ್ಲ. ಆದರೆ ಅವರ ಹೆಂಡತಿ ಗೋದಾಬಾಯಿ ಆಗಲೇ ಕೈಚೀಲ ಹಿಡಿದುಕೊಂಡು ಬಂದಾಗಿತ್ತು. "ಹೇಗೂ ಹೋಗ್ತೀಯಲ್ಲಪ್ಪಾ, ನನಗೂ ಐದು ಕಿಲೋ." ಅವರ ಹಿಂದೆ ಮೂಲೆಮನೆಯವರು, ಮಹಡಿಮನೆಯವರು, ಹಾಲಿನಂಗಡಿಯವರು. ಭಾನುವಾರ ಬೆಳಗಿನ ಜಾವ ಸುಧೀಂದ್ರ ಬಸ್ಸು ಹತ್ತಿದಾಗ ಅವನ ಜೇಬಿನಲ್ಲಿ ಇಡೀ ಬೀದಿಯ ಹುಣಸೆಹಣ್ಣಿನ ದುಡ್ಡಿತ್ತು, ಹೆಗಲ ಮೇಲೆ ಇಡೀ ಬೀದಿಯ ಚೀಲಗಳಿದ್ದವು.

"ಟೌನ್ ಬಸ್ಸಲ್ಲಿ ನಾನು ಹೋದ್ರೆ ಟಿಕೆಟ್ಟೇ ಇಲ್ಲ," ಎಂದು ಮೈತ್ರೇಯಿ ಬಾಗಿಲಲ್ಲಿ ನಿಂತು ಕೊರಗಿದ್ದಳು. "ಹೆಂಗಸ್ರಿಗೆ ಫ್ರೀ. ಆದ್ರೆ ಅಷ್ಟು ಭಾರ ಹೊರಕ್ಕಾಗಲ್ವಲ್ಲ."

ಗಂಡಸಾಗಿ ಹುಟ್ಟಿದ್ದಕ್ಕೆ ದಂಡ ಎಂದುಕೊಂಡು ಸುಧೀಂದ್ರ ಟಿಕೆಟ್ ಕೊಂಡ.

ಪೆನ್ನಾಗರಂ ದಾಟಿ, ಗುಡ್ಡದ ಬುಡದ ಒಂದು ಹಳ್ಳಿಯಲ್ಲಿ ಇಳಿದಾಗ ಬಿಸಿಲು ಏರುತ್ತಿತ್ತು. ಟೀ ಅಂಗಡಿಯವನು ಹುಣಸೆಹಣ್ಣು ಮಾರುವ ರಾಮಕ್ಕನ ಮನೆ ತೋರಿಸಿದ. ರಾಮಕ್ಕ ಜಗುಲಿಯ ಮೇಲೆ ಕೂತು ಹುಣಸೆಬೀಜ ಬಿಡಿಸುತ್ತಿದ್ದಳು. ಸುಧೀಂದ್ರ ಕೈಮುಗಿದು, ಮನೆಯಲ್ಲಿ ಹಬ್ಬದ ದಿನ ಮಾತ್ರ ಆಡುವ ಶುದ್ಧ ಕನ್ನಡದಲ್ಲಿ "ಹುಣಸೆಹಣ್ಣು ಬೇಕಾಗಿತ್ತು, ಅಮ್ಮಾ" ಎಂದ.

"ಅಯ್ಯೋ, ನಮ್ ಮಾತಾಡ್ತೀರಲ್ಲ ಸಾಮಿ! ಕುಂತ್ಕಳಿ, ಕುಂತ್ಕಳಿ."

ಸುಧೀಂದ್ರ ಕೂತ. ಅರ್ಧ ಬೆಲೆ ಆಗಲೇ ಕೈಗೆ ಬಂದಂತಾಯಿತು.

"ಎಷ್ಟು ಬೇಕು? ಏಳಿ."

ಸುಧೀಂದ್ರ ಎದ್ದು ನಿಂತ.

"ಯಾಕ್ ಸಾಮಿ ಎದ್ರಿ? ಇರುವೆ ಕಚ್ತಾ? ಕುಂತ್ಕಳಿ."

ಮತ್ತೆ ಕೂತ.

"ಊಂ, ಏಳಿ."

ಮತ್ತೆ ಎದ್ದ. ಈ ಮನೆಯಲ್ಲಿ ಬಂದವರಿಗೆ ಬೇಕಾದ್ದು ಕೊಡುವ ಮುಂಚೆ ಬಸ್ಕಿ ಹೊಡೆಸುವ ಪದ್ಧತಿ ಇರಬಹುದು ಅಂದುಕೊಂಡ. ರಾಮಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಎದ್ದೇಳಿ ಅನ್ನಿಲ್ಲ ಸಾಮಿ! ಬಾಯಲ್ಲಿ ಏಳಿ, ಬಾಯಲ್ಲಿ!"

ಓ, ಹೇಳಿ! ಸುಧೀಂದ್ರನಿಗೆ ಜ್ಞಾನೋದಯವಾಯಿತು. ಈ ಊರಲ್ಲಿ ಹಕಾರಕ್ಕೆ ಬಾಗಿಲು ಮುಚ್ಚಿದೆ. ಹಾಲು ಇಲ್ಲಿ ಆಲು, ಹೂವು ಊವು. ಇನ್ನು ಮೇಲೆ 'ಏಳು' ಎಂಬ ಶಬ್ದ ಕಿವಿಗೆ ಬಿದ್ದರೆ 'ಹೇಳು' ಎಂದೇ ತಿಳಿಯಬೇಕು ಎಂದು ಅವನು ಮನಸ್ಸಿನಲ್ಲಿ ಗಂಟು ಹಾಕಿಕೊಂಡ. ಅರೆಕಲಿತವನಿಗೆ ಇರುವ ಧೈರ್ಯ ಪೂರ್ತಿ ಕಲಿತವನಿಗೆ ಇರುವುದಿಲ್ಲ.

"ನನ್ ತಾವ ಇದ್ದ ಅಣ್ಣೆಲ್ಲ ನೆನ್ನೆನೇ ಓಯ್ತು," ಎಂದಳು ರಾಮಕ್ಕ. "ಊರಮ್ಮನ ಗುಡಿ ತಾವ ಓಗಿ. ಅಲ್ಲಿ ಈಗ ಉಣ್ಸೆ ಯಾಪಾರ ನಡೀತೈತೆ."

ಗುಡಿಯ ಮುಂದೆ ದೊಡ್ಡ ಹುಣಸೆಮರ. ಕೊಂಬೆಕೊಂಬೆಯಲ್ಲೂ ಕಾಯಿ ಜೋತುಬಿದ್ದಿತ್ತು. ಅದರ ನೆರಳಲ್ಲಿ ಒಂದಷ್ಟು ಜನ ಕುಕ್ಕುರುಗಾಲಲ್ಲಿ ಕೂತಿದ್ದರು. ಕಟ್ಟೆಯ ಮೇಲೆ ಊರ ಯಜಮಾನ ಕರಿಯಪ್ಪ, ಬಿಳಿ ಮೀಸೆ, ಹಸಿರು ಟವೆಲು. ಮುಂದಿನ ಸಾಲಿನಲ್ಲಿ ಗೋವಿಂದರಾಜು ಎಂಬ ಹುಣಸೆ ವ್ಯಾಪಾರಿ, ಹಲ್ಲಿನಲ್ಲಿ ಕಡ್ಡಿ ಆಡಿಸುತ್ತ ಕೂತಿದ್ದ.

ಅದು ಗುಡಿಯ ಮರದ ಒಂದು ವರ್ಷದ ಫಸಲಿನ ಹರಾಜು. ಸುಧೀಂದ್ರನಿಗೆ ಅದು ಹೇಗೆ ಗೊತ್ತಾಗಬೇಕು? ಹರಾಜು ಆಗಲೇ ಅರ್ಧ ನಡೆದಿತ್ತು, ಸಾವಿರ ಎನ್ನುವ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

"ಐದು," ಎಂದ ಒಬ್ಬ.

"ಐದೂವರೆ," ಎಂದ ಇನ್ನೊಬ್ಬ.

"ಆರು."

ಪಾಪ, ಇವರೂ ನಮ್ಮಂತೆಯೇ ಹಿಡಿತದ ಜನ, ಐದು ಕಿಲೋ ಆರು ಕಿಲೋ ಕೊಳ್ಳುವವರು ಎಂದು ಸುಧೀಂದ್ರನಿಗೆ ಅಭಿಮಾನ ಉಕ್ಕಿತು. ಒಬ್ಬನಿಗಿಂತ ಒಬ್ಬ ಅರ್ಧ ಕಿಲೋ ಜಾಸ್ತಿಯೇ ಕೇಳುತ್ತಿದ್ದುದು ಮಾತ್ರ ಸ್ವಲ್ಪ ವಿಚಿತ್ರ ಅನ್ನಿಸಿತು. ಜಂಬ ಎಲ್ಲಿಯೂ ಇರುತ್ತದೆ.

"ಆರೂವರೆ," ಎಂದ ಗೋವಿಂದರಾಜು, ಆಕಳಿಸುತ್ತ. ವರ್ಷ ವರ್ಷವೂ ಮರ ಅವನಿಗೇ ಹೋಗುತ್ತಿತ್ತು. ಅವನ ಮೇಲೆ ಕೂಗುವ ಧೈರ್ಯ ಊರಿನಲ್ಲಿ ಯಾರಿಗೂ ಇರಲಿಲ್ಲ. ಇದು ಕರಿಯಪ್ಪನ ಹೊಟ್ಟೆಯುರಿ.

"ಏಳು!" ಎಂದು ಕೂಗಿದ ಕರಿಯಪ್ಪ. "ಏಳು! ಏಳು! ಯಾರಾನ ಏಳು?"

ಈಗ ಕಲಿತ ಪಾಠ ಸುಧೀಂದ್ರನ ನೆನಪಿಗೆ ಬಂತು. ಹೇಳು ಅನ್ನುತ್ತಿದ್ದಾರೆ! ಯಾರಾದರೂ ಹೇಳಿ ಅಂತ ಹಿರಿಯರು ಅಷ್ಟು ಬೇಡಿಕೊಳ್ಳುತ್ತಿದ್ದರೂ ಒಬ್ಬರೂ ಬಾಯಿ ಬಿಡುತ್ತಿಲ್ಲ. ಮೊದಲು ತನ್ನ ಮನೆಯದು, ಬೀದಿಯವರದು ಆಮೇಲೆ ಎಂದುಕೊಂಡು, ಸೇಲಂ ಅಂಗಡಿಗಳ ಹೆಸರಿದ್ದ ಚೀಲಗಳ ಸಮೇತ ಅವನು ಕೈಯೆತ್ತಿದ.

"ನಾನು ಹೇಳ್ತೀನಿ! ಏಳು!"

ಗೋವಿಂದರಾಜುವಿನ ಬಾಯಿಂದ ಕಡ್ಡಿ ಬಿತ್ತು.

"ಏಳಾ ಸಾಮಿ?" ಕರಿಯಪ್ಪನ ಮೀಸೆ ಅರಳಿತು.

"ಏಳೇ. ಅದಕ್ಕಿಂತ ಹೆಚ್ಚೂ ಬೇಡ, ಕಡಿಮೆಯೂ ಬೇಡ. ಮನೇಲಿ ಹಾಗೇ ಹೇಳಿದ್ದಾರೆ."

"ಏಳ್ ಒಂದ್ ತರ ಎರಡ್ ತರ ಮೂರ್ ತರ!" ಎಂದು ಕರಿಯಪ್ಪ ಒಂದೇ ಉಸಿರಿನಲ್ಲಿ ಹೇಳಿ ಕಟ್ಟೆಗೆ ಕೈ ಬಡಿದ. "ಮುಗೀತು! ಸೇಲಂ ಸಾಮೀಗೆ!"

ಎಷ್ಟು ಚುರುಕಾದ ವ್ಯಾಪಾರ ಎಂದು ಮೆಚ್ಚಿಕೊಳ್ಳುತ್ತ ಸುಧೀಂದ್ರ ಮುಂದೆ ಹೋಗಿ ತನ್ನ ಬಟ್ಟೆಯ ಚೀಲ ಬಿಚ್ಚಿ ಹಿಡಿದ. "ಇದರೊಳಗೆ ಹಾಕಿಬಿಡಿ."

ಕರಿಯಪ್ಪ ಚೀಲ ನೋಡಿದ. ತಲೆಯೆತ್ತಿ ಮರ ನೋಡಿದ. ಮತ್ತೆ ಚೀಲ ನೋಡಿದ. "ಇದ್ರಾಗಾ? ಮರಾನಾ?"

ವಿಷಯ ತಿಳಿದ ಕೂಡಲೇ ಸುಧೀಂದ್ರ ಬಿಚ್ಚಿದ ಚೀಲವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಏಳು ಸಾವಿರ! ರಾಮೇಶ್ವರದ ಬಾಬ್ತು ಹೆಚ್ಚುಕಡಿಮೆ ಅಷ್ಟೇ ಇತ್ತು. ಬೇಡ, ತಪ್ಪಾಯಿತು, ನಾನು ಹೇಳಿದ್ದು ಕಿಲೋ ಎಂದು ಅವನು ಕನ್ನಡದಲ್ಲಿ ಬೇಡಿದ, ತಮಿಳಿನಲ್ಲಿ ಬೇಡಿದ.

"ಅಮ್ಮನ ಮುಂದೆ ಏಳಿದ್ ಮಾತು ಸಾಮಿ," ಎಂದ ಕರಿಯಪ್ಪ, ಗುಡಿಯ ಕಡೆ ಕೈ ತೋರಿಸಿ. "ಮಾತು ಆಡಿದ್ರೆ ಓಯ್ತು, ಮುತ್ತು ಒಡೆದ್ರೆ ಓಯ್ತು. ಈಗ ಅರ್ಧ ಕಟ್ಟಿ, ಮಿಕ್ಕಿದ್ದು ಒತ್ತು ಮುಳುಗೋದ್ರೊಳಗೆ. ಜೀಪೇ ಐತಾ?"

ಜೀಪೇ ಎಲ್ಲಿಂದ ಬರಬೇಕು? ಸುಧೀಂದ್ರನದು ಗುಂಡಿ ಒತ್ತುವ ಹಳೆಯ ಫೋನು. ಬೀದಿಯವರು ನಂಬಿ ಕೊಟ್ಟ ದುಡ್ಡೆಲ್ಲ ಜೇಬಿನಿಂದ ಕಟ್ಟೆಯ ಮೇಲಕ್ಕೆ ಹೋಯಿತು. ಗೋದಾಬಾಯಿಯ ಮುಖ ಕಣ್ಣಮುಂದೆ ಬಂತು.

ದೇವರು ದೊಡ್ಡವನು. ಗೋವಿಂದರಾಜು ಅವನನ್ನು ಪಕ್ಕಕ್ಕೆ ಕರೆದ. "ಸಾಮಿ, ನಿಮಗ್ಯಾಕೆ ಈ ರಗಳೆ? ಮರಕ್ಕೆ ಕಾಯಿ ಬಡಿಯೋ ದೋಟಿ ಬೀಳೋತಂಕ ಮರ ಕೈ ಬದಲಾಯಿಸಬೌದು, ಅದು ನಮ್ಮೂರ ಕಟ್ಟು. ದೋಟಿ ಬಿದ್ಮೇಲೆ ಆಗಲ್ಲ. ಎಂಟು ಕೊಡ್ತೀನಿ, ನನಗ್ ಬಿಟ್ಬಿಡಿ."

ಎಂಟು ಸಾವಿರ! ನಿಂತ ನಿಲುವಿನಲ್ಲಿ ಒಂದು ಸಾವಿರ ಲಾಭ! ಇಲ್ಲಿ ನೀವಾಗಲಿ ನಾನಾಗಲಿ ಇದ್ದಿದ್ದರೆ ಅವನ ಕೈ ಹಿಡಿದು ಕಣ್ಣಿಗೊತ್ತಿಕೊಂಡು ಮುಂದಿನ ಬಸ್ಸು ಹಿಡಿಯುತ್ತಿದ್ದೆವು. ಆದರೆ ಸುಧೀಂದ್ರ ಮೈತ್ರೇಯಿಯ ಗಂಡ. ಇಪ್ಪತ್ತೈದು ವರ್ಷ ಆ ಹೆಂಗಸು ಕೊತ್ತಂಬರಿಸೊಪ್ಪಿಗೆ ಚೌಕಾಸಿ ಮಾಡುವುದನ್ನು ಚೀಲ ಹಿಡಿದುಕೊಂಡು ನೋಡಿದ್ದ. ಮೊದಲು ಹೇಳಿದ ಬೆಲೆಗೆ ಒಪ್ಪಿದರೆ ಅವಳಿಗೆ ಮುಖ ತೋರಿಸುವುದು ಹೇಗೆ? ಎಂಟು ಕೊಡುವವನು ಹತ್ತಕ್ಕೂ ಬಂದಾನು. ಅತಿ ಆಸೆ ಗತಿಗೇಡು ಎಂದು ದೊಡ್ಡವರು ಇಂಥವರನ್ನು ನೋಡಿಯೇ ಹೇಳಿದ್ದು.

"ಹತ್ತು!" ಎಂದ ಸುಧೀಂದ್ರ, ಬೆನ್ನು ನೆಟ್ಟಗೆ ಮಾಡಿಕೊಂಡು.

"ಎಂಟೂವರೆ ಸಾಮಿ."

"ಹತ್ತು!" ಸುಧೀಂದ್ರ ಎರಡೂ ಕೈ ಮೇಲಕ್ಕೆತ್ತಿ ಹತ್ತೂ ಬೆರಳು ಅಗಲಿಸಿ ಕೂಗಿದ. "ಹತ್ತು ಅಂದ್ರೆ ಹತ್ತೇ! ಹತ್ತು!"

"ಅತ್ತುತಾ ಇವ್ನಿ ಸಾಮಿ, ಅದಕ್ಯಾಕಿಂಗ್ ಕಿರಿಚ್ತೀರಾ?" ಎಂದು ಮೇಲಿನಿಂದ ಧ್ವನಿ ಬಂತು.

ಇಬ್ಬರೂ ತಲೆಯೆತ್ತಿದರು. ಹುಣಸೆ ಉದುರಿಸುವ ಕೂಲಿ ಪೊನ್ನುಸ್ವಾಮಿ ಬೆಳಗಿನಿಂದ ಮರದ ಬುಡದಲ್ಲಿ ದೋಟಿ ಹಿಡಿದು ಕೂತಿದ್ದವನು, ಮರದ ಹೊಸ ಯಜಮಾನ ಕೈಯೆತ್ತಿ ಹತ್ತು ಹತ್ತು ಎಂದು ಅಬ್ಬರಿಸುವುದನ್ನು ಕಂಡು ಸರಸರನೆ ಹತ್ತಿಬಿಟ್ಟಿದ್ದ. ಸುಧೀಂದ್ರ "ಬೇಡ!" ಎನ್ನುವಷ್ಟರಲ್ಲಿ ದೋಟಿ ಬೀಸಿತು. ಬಡಬಡನೆ ಕಾಯಿ ಉದುರಿ ಒಂದು ಅವನ ಬೋಳುತಲೆಗೇ ಬಿತ್ತು.

"ಓಯ್ತು," ಎಂದು ಗೋವಿಂದರಾಜು ಟವೆಲು ಕೊಡವಿದ. "ದೋಟಿ ಬಿತ್ತು. ಇನ್ನು ಮರ ನಿಮ್ದೇ ಸಾಮಿ, ನೀವೇ ಅನುಭವಿಸಿ."

ಸುಧೀಂದ್ರ ಗುಡಿಯ ಹಿಂದೆ ಹೋಗಿ ಮನೆಗೆ ಫೋನು ಮಾಡಿದ. ಆ ಮನೆಯಲ್ಲಿ ಫೋನಿಗೂ ಕಟ್ಟುಪಾಡಿತ್ತು. ಒಂದು ರಿಂಗು ಕೊಟ್ಟು ನಿಲ್ಲಿಸಿದರೆ ತಲುಪಿದೆ ಎಂದು ಅರ್ಥ, ಎರಡಾದರೆ ತಡವಾಗುತ್ತದೆ ಎಂದು. ಪೂರ್ತಿ ರಿಂಗಾಗಲು ಬಿಟ್ಟರೆ ಪ್ರಾಣಾಪಾಯ. ಪೂರ್ತಿ ರಿಂಗಾದದ್ದು ಅವರ ದಾಂಪತ್ಯದಲ್ಲಿ ಅದೇ ಮೊದಲು.

"ಏನ್ರೀ? ಕೈಕಾಲು ಸರಿಯಾಗಿದೆಯಾ?"

ಸುಧೀಂದ್ರ ಅಳುವ ಧ್ವನಿಯಲ್ಲಿ ನಡೆದದ್ದನ್ನೆಲ್ಲ ಹೇಳಿದ. ಏಳು ಹೇಳು ಆದದ್ದು, ಹತ್ತು ಹತ್ತಿದ್ದು, ಬೀದಿಯ ದುಡ್ಡು ಕಟ್ಟೆ ಸೇರಿದ್ದು, ಸಮುದ್ರ ಬತ್ತಿದ್ದು. ಬೇರೆ ಹೆಂಡತಿಯರಾಗಿದ್ದರೆ ಆಗ ಏನು ಹೇಳುತ್ತಿದ್ದರು ಎಂಬುದನ್ನು ಬರೆಯಲು ನನಗೆ ಧೈರ್ಯವಿಲ್ಲ. ಮೈತ್ರೇಯಿ ಕೇಳಿದ್ದು ಇಷ್ಟು:

"ಮರ ಎಷ್ಟು ದೊಡ್ಡದು?"

"ಗುಡಿಗಿಂತ ದೊಡ್ಡದು."

"ಕಾಯಿ?"

"ಎಲೆಗಿಂತ ಜಾಸ್ತಿ."

"ಸರಿ, ಅಲ್ಲೇ ಇರಿ, ನಾನು ಬರ್ತೀನಿ. ಅಲ್ಲೀತನಕ ಬಾಯಿ ತೆಗೀಬೇಡಿ. ಯಾರು ಏನು ಕೇಳಿದ್ರೂ ಒಂದಕ್ಷರ ಮಾತಾಡ್ಬೇಡಿ. ಕನ್ನಡದಲ್ಲೂ ಬೇಡ, ತಮಿಳಲ್ಲೂ ಬೇಡ."

ಸುಧೀಂದ್ರ ಹೆಂಡತಿಯ ಮಾತು ಮೀರಲಿಲ್ಲ. ಉದುರುವ ಹುಣಸೆಯ ನಡುವೆ ಮೌನವ್ರತ ಹಿಡಿದು ಕೂತ. ಸೇಲಂ ಸಾಮಿಗೆ ಅಮ್ಮ ಮೈಮೇಲೆ ಬಂದಿದ್ದಾಳೆ ಎಂದು ಯಾರೋ ಅಂದರು. ರಾಮಕ್ಕ ಕನಿಕರದಿಂದ ಮಜ್ಜಿಗೆ ತಂದುಕೊಟ್ಟು "ಉಪ್ಪು ಆಕ್ಲಾ ಸಾಮಿ?" ಎಂದಳು. ಅವನು ಬೇಡವೆಂದೂ ಬೇಕೆಂದೂ ಅರ್ಥವಾಗುವ ಹಾಗೆ ತಲೆಯಾಡಿಸಿದ.

ಮಧ್ಯಾಹ್ನ ಕಳೆಯುವ ಹೊತ್ತಿಗೆ ಊರಬಾಗಿಲಲ್ಲಿ ಟೌನ್ ಬಸ್ಸು ನಿಂತಿತು. ಅದರಿಂದ ಮೊದಲು ಮೈತ್ರೇಯಿ ಇಳಿದಳು. ಆಮೇಲೆ ಗೋದಾಬಾಯಿ. ಆಮೇಲೆ ಮೂಲೆಮನೆಯವರು, ಮಹಡಿಮನೆಯ ಅತ್ತೆ ಸೊಸೆ, ಹಾಲಿನಂಗಡಿಯಾಕೆ. ಇಳಿದರು, ಇಳಿದರು, ಇಳಿಯುತ್ತಲೇ ಇದ್ದರು. ಬೀದಿಗೆ ಬೀದಿಯೇ ಸೆರಗು ಸಿಕ್ಕಿಸಿಕೊಂಡು ಬಂದಿತ್ತು. ಓಮಲೂರಿಗೆ ಒಂದು ಟೌನ್ ಬಸ್ಸು, ಅಲ್ಲಿಂದ ಕಡಯಂಪಟ್ಟಿಗೆ ಇನ್ನೊಂದು, ಅಲ್ಲಿಂದ ಮತ್ತೊಂದು ಎಂದು ಬಸ್ಸಿಂದ ಬಸ್ಸಿಗೆ ದಾಟಿಸಿಕೊಂಡು, ಒಂದು ಕಾಸೂ ಟಿಕೆಟ್ಟಿಗೆ ಕೊಡದೆ ಮೈತ್ರೇಯಿ ಆ ಸೈನ್ಯವನ್ನು ಜಿಲ್ಲೆಯ ಗಡಿ ದಾಟಿಸಿ ತಂದಿದ್ದಳು. ಎಲ್ಲರ ಕೈಯಲ್ಲೂ ಮೊಸರನ್ನದ ಡಬ್ಬಿ.

ಆಮೇಲೆ ನಡೆದದ್ದನ್ನು ಆ ಹಳ್ಳಿಯವರು ಇವತ್ತಿಗೂ ಹೇಳುತ್ತಾರೆ. ಮೈತ್ರೇಯಿ ಮೊದಲು ಕರಿಯಪ್ಪನಿಗೆ ಉಳಿದ ದುಡ್ಡು ಎಣಿಸಿ ಕೊಟ್ಟಳು, ಅಮ್ಮನಿಗೆ ಕೈಮುಗಿದಳು. ಕೆಲವರನ್ನು ಆಯುವುದಕ್ಕೆ, ಕೆಲವರನ್ನು ಓಡು ಬಿಡಿಸುವುದಕ್ಕೆ, ನಾರು ತೆಗೆಯುವುದಕ್ಕೆ ಗೋದಾಬಾಯಿಯಂಥ ಉಗುರಿದ್ದವರನ್ನು ಕೂರಿಸಿದಳು. ಓಡೆಲ್ಲ ರಾಮಕ್ಕನ ಒಲೆಗೆ, ಅದಕ್ಕೆ ಬದಲು ರಾಮಕ್ಕನ ತಕ್ಕಡಿ ಇವರಿಗೆ. ಹುಣಸೆಮರ ಮುಪ್ಪಾದರೂ ಹುಳಿ ಮುಪ್ಪೇ ಎನ್ನುತ್ತಾರಲ್ಲ, ಆ ಮರ ತನ್ನ ಹೆಸರು ಉಳಿಸಿಕೊಂಡಿತು. ಪೊನ್ನುಸ್ವಾಮಿ ಬಡಿಯುತ್ತಲೇ ಇದ್ದ, ರಾಶಿ ಏರುತ್ತಲೇ ಇತ್ತು.

ಬಿಸಿಲು ಇಳಿದಾಗ ಗೋವಿಂದರಾಜು ಮೆಲ್ಲಗೆ ಬಂದು ರಾಶಿಯ ಪಕ್ಕ ಕೂತ. "ಅಮ್ಮಾ, ಇಷ್ಟನ್ನ ಬಸ್ಸಲ್ಲಿ ಎಂಗ್ ತಗ ಓಗ್ತೀರಾ? ನನಗೇ ಕೊಡಿ. ರೇಟು ಏಳಿ."

"ನೀವು ಧರ್ಮಪುರಿ ಮಂಡೀಲಿ ಯಾವ ರೇಟಿಗೆ ಮಾರ್ತೀರೋ ಅದನ್ನ ಹೇಳಿ ಅಣ್ಣಾ," ಎಂದಳು ಮೈತ್ರೇಯಿ, ಕೈಯಲ್ಲಿದ್ದ ಹಣ್ಣಿನಿಂದ ಕಣ್ಣೆತ್ತದೆ. "ಅದರಲ್ಲಿ ನಿಮ್ಮ ಗಾಡಿ ಬಾಡಿಗೆ ಕಳೆದುಕೊಳ್ಳಿ. ನಿಮ್ಮ ಶ್ರಮಕ್ಕೂ ಅಷ್ಟೋ ಇಷ್ಟೋ ಇಟ್ಕೊಳ್ಳಿ. ಮಿಕ್ಕಿದ್ದು ನಂದು."

ಗೋವಿಂದರಾಜು ಬೆರಳು ಮಡಚಿ ಲೆಕ್ಕ ಹಾಕಿ ನೋಡಿದ. ಅಷ್ಟು ನ್ಯಾಯವಾಗಿ ಅವನನ್ನು ಯಾರೂ ಹಿಂದೆಂದೂ ಕಟ್ಟಿಹಾಕಿರಲಿಲ್ಲ. ಅವನು ದುಡ್ಡು ಕೊಟ್ಟು ಕೈಮುಗಿದ. ಕರಿಯಪ್ಪ ಕಟ್ಟೆಯ ಮೇಲಿಂದ ಎದ್ದು ಬಂದು "ಎಂಥ ಎಣ್ಣುಮಗಳು!" ಎಂದು ಸುಧೀಂದ್ರನ ಬೆನ್ನು ತಟ್ಟಿದ. ಮೌನವ್ರತ ಇನ್ನೂ ಬಿಡಿಸಿರಲಿಲ್ಲವಾದ್ದರಿಂದ ಸುಧೀಂದ್ರ ಹಲ್ಲು ಮಾತ್ರ ಬಿಟ್ಟ. ಅವನ ಎದೆ ನಿಜವಾಗಿಯೂ ಹೆಮ್ಮೆಯಿಂದ ಉಬ್ಬಿತ್ತು. ಇಂಥವಳ ಕೈಹಿಡಿದ ಮೇಲೆ ಮನುಷ್ಯ ಎಷ್ಟು ಸಲ ಬೇಕಾದರೂ ಮುಗ್ಗರಿಸಬಹುದು ಎಂದು ಅವನಿಗೆ ಅನ್ನಿಸಿತು.

ಮರಕ್ಕೆ ಕೊಟ್ಟ ದುಡ್ಡು ಪೂರ್ತಿ ವಾಪಸು ಬಂದಿತ್ತು. ಪೊನ್ನುಸ್ವಾಮಿಯ ಕೂಲಿ ಕೊಟ್ಟಾಗಿತ್ತು. ಬೀದಿಯವರ ಚೀಲಗಳೆಲ್ಲ ತುಂಬಿದ್ದವು. ಅವನ ಮನೆಯ ಏಳು ಕಿಲೋ ಪುಕ್ಕಟೆ. ಇಷ್ಟೆಲ್ಲ ಆಗಿಯೂ ಮೈತ್ರೇಯಿಯ ಸೊಂಟದ ಗಂಟಿನಲ್ಲಿ ಒಂದು ಒಳ್ಳೆಯ ಮೊತ್ತ ಮಿಕ್ಕಿತ್ತು. ಸಮುದ್ರ ಬತ್ತಿರಲಿಲ್ಲ, ಇನ್ನೂ ಅಗಲವಾಗಿತ್ತು.

ಪೆನ್ನಾಗರಂ ಬಸ್‌ಸ್ಟ್ಯಾಂಡಿನಲ್ಲಿ ಮೈತ್ರೇಯಿ ಅವನ ಪಕ್ಕ ಚೀಲದ ಮೇಲೆ ಕೂತಳು. "ಈಗ ಮಾತಾಡಬಹುದು," ಎಂದಳು.

ಬೆಳಗಿನಿಂದ ಕಟ್ಟಿಟ್ಟಿದ್ದ ಮಾತುಗಳಲ್ಲಿ ಸುಧೀಂದ್ರನ ಬಾಯಿಗೆ ಮೊದಲು ಬಂದದ್ದು ಆಶ್ಚರ್ಯವೇ. "ಅಲ್ವೇ, ಗೋದಾಬಾಯಿ ಕೊಳಾಯಿ ನೀರು ಹಿಡಿಯೋದಕ್ಕೂ ಎದ್ದು ಬರಲ್ಲ. ಅಷ್ಟು ಜನಾನ ನಿಂತ ಕಾಲಲ್ಲಿ ಹೇಗೆ ಹೊರಡಿಸಿದೆ? ಕೂಲಿ ಕೊಡ್ತೀನಿ ಅಂದ್ಯಾ?"

"ಛೇ, ಕೂಲಿ ಅಂದ್ರೆ ಅವರಿಗೆ ಅವಮಾನ ಅಲ್ವಾ? ಸಮುದ್ರ ತೋರಿಸ್ತೀನಿ ಅಂದೆ."

"ಏನು?"

"ನಮ್ಮ ಬೀದೀಲಿ ಒಬ್ಬ ಹೆಂಗಸೂ ಸಮುದ್ರ ನೋಡಿಲ್ಲ ರೀ! ನನಗೂ ಇವತ್ತೇ ಗೊತ್ತಾಗಿದ್ದು. ಅಂದ ತಕ್ಷಣ ಒಲೆ ಆರಿಸಿ ಬಂದುಬಿಟ್ರು." ಮೈತ್ರೇಯಿಯ ಕಣ್ಣು ಹೊಳೆಯುತ್ತಿತ್ತು. "ರಾಮೇಶ್ವರದ ದುಡ್ಡಿಗೆ ಇವತ್ತಿನ ಲಾಭ ಸೇರಿಸಿದ್ರೆ ಒಂದು ವ್ಯಾನಿಗೆ ಸರಿಹೋಗತ್ತೆ. ಬಸ್ಸಲ್ಲೇ ಲೆಕ್ಕ ಹಾಕಿದೆ. ಬರೋ ಶುಕ್ರವಾರ ಹೊರಡೋದು."

ಸುಧೀಂದ್ರ ಬಸ್‌ಸ್ಟ್ಯಾಂಡಿನ ಆ ಕೊನೆಯನ್ನು ನೋಡಿದ. ಹೆಂಗಸರೆಲ್ಲ ಹುಣಸೆಯ ಧೂಳು ಮೆತ್ತಿದ ಮುಖದಲ್ಲಿ, ಸಮುದ್ರದಲ್ಲಿ ಯಾವ ಸೀರೆ ಉಡಬೇಕು ಎಂದು ಜೋರಾಗಿ ಚರ್ಚಿಸುತ್ತಿದ್ದರು. ಗೋದಾಬಾಯಿ ಅಲೆ ಎಷ್ಟೆತ್ತರ ಬರುತ್ತದೆ ಎಂದು ಕೈಯಲ್ಲಿ ತೋರಿಸುತ್ತಿದ್ದರು. ಅವರ ಕೈ ಅಷ್ಟು ಎತ್ತರಕ್ಕೆ ಹೋದದ್ದನ್ನು ಅವನು ನೋಡಿಯೇ ಇರಲಿಲ್ಲ.

"ಹಾಗಾದ್ರೆ ನಾನು?"

"ವ್ಯಾನು ತುಂಬಿಹೋಯ್ತಲ್ಲ," ಎಂದಳು ಮೈತ್ರೇಯಿ, ನಿಜವಾದ ಮರುಕದಿಂದ. "ನಾವೆಲ್ಲ ಹೋದ್ರೆ ಈ ಹಣ್ಣನ್ನ ಮಹಡಿ ಮೇಲೆ ಬಿಸಿಲಿಗೆ ಹರಡೋರು ಯಾರು, ತೆಗೆಯೋರು ಯಾರು? ಎಲ್ಲರ ಮನೇದೂ ನೀವೇ ನೋಡ್ಕೋಬೇಕು. ಕೃಷ್ಣಸ್ವಾಮಿಗಳಿಗೆ ಎರಡು ದಿನ ನಮ್ಮನೇಲೇ ಊಟ ಅಂತ ಹೇಳಿದೀನಿ. ಒಂದು ಸಾರು ಮಾಡಿ ಹಾಕಿ. ಹುಣಸೆಹಣ್ಣಂತೂ ಬೇಕಾದಷ್ಟಿದೆ."

ಸುಧೀಂದ್ರ ಏನೋ ಹೇಳಲು ಹೊರಟ. ಇವತ್ತು ತಾನು ಹೇಳಿದ್ದೆಲ್ಲ ಏನಾಯಿತು ಎಂದು ಯೋಚಿಸಿ ಸುಮ್ಮನಾದ. ಆಮೇಲೆ, ಹೆಂಡತಿಯ ಧೂಳುಮುಖ ನೋಡುತ್ತ ನೋಡುತ್ತ, ಅವನಿಗೇ ನಗು ಬಂತು.

"ಬೇಜಾರು ಮಾಡ್ಕೋಬೇಡಿ," ಎಂದಳು ಅವಳು. "ನಿಮಗೆ ಒಂದು ಬಾಟ್ಲೀಲಿ ಸಮುದ್ರದ ನೀರು ತಂದುಕೊಡ್ತೀನಿ."

"ದೊಡ್ಡ ಬಾಟ್ಲಿ ತಗೊಂಡು ಹೋಗು."

"ಚಿಕ್ಕದು ಸಾಕು ರೀ," ಎಂದಳು ಮೈತ್ರೇಯಿ. "ಅಷ್ಟೊಂದು ಉಪ್ಪುನೀರು ಇಟ್ಕೊಂಡು ಏನ್ ಮಾಡ್ತೀರಾ?"